ಲಂಕಾವಿಯ ತಿಂಡಿಗೊಂದು ತಿದ್ದುಪಡಿ

ಲಂಕಾವಿ ದ್ವೀಪದ ಆ ಹೋಟೆಲಿನಲ್ಲಿ ತಿಂಡಿ ಶುರುವಾಗುವುದು ಏಳಕ್ಕೆ. ಕಾತ್ಯಾಯಿನಿಗೆ ಎಚ್ಚರವಾಗುತ್ತಿದ್ದುದು ನಾಲ್ಕಕ್ಕೆ. ನ್ಯೂಜಿಲೆಂಡಿನ ವೆಲ್ಲಿಂಗ್ಟನ್‌ನಲ್ಲಿ ಆಗ ಬೆಳಗಿನ ಎಂಟು. ಅವಳ ಹೊಟ್ಟೆ ಇನ್ನೂ ಅಲ್ಲಿಯ ಗಡಿಯಾರವನ್ನೇ ನೋಡುತ್ತಿತ್ತು.

ಶನಿವಾರ ಆ ಬಫೆಯನ್ನು ನೋಡಿಯಾಗಿತ್ತು. ಟೋಸ್ಟು, ಡಬ್ಬಿಯ ಬೀನ್ಸು, ಕಾರ್ನ್‌ಫ್ಲೇಕ್ಸು. ಇದನ್ನು ತಿನ್ನಲು ಹನ್ನೊಂದು ಗಂಟೆ ವಿಮಾನದಲ್ಲಿ ಕೂತು ಮಲೇಷ್ಯಾಕ್ಕೆ ಬರಬೇಕಿತ್ತೇ ಎಂದು ಅರ್ಧಕ್ಕೇ ತಟ್ಟೆ ಇಟ್ಟು ಎದ್ದಿದ್ದಳು. ಭಾನುವಾರ ಆರಕ್ಕೆ ಚಪ್ಪಲಿ ಮೆಟ್ಟಿಕೊಂಡಳು.

"ಇಲ್ಲಿಗೆ ಬಂದ್ರೂ ಸುಮ್ನ ಮಲ್ಕೊಳ್ಳಾಂಗಿಲ್ಲೇನ ನೀ?" ಹೊದಿಕೆಯೊಳಗಿಂದ ರಶ್ಮಿತಾ ಕೇಳಿದಳು. ಧಾರವಾಡದ ರಶ್ಮಿತಾ ಅವಳ ಫ್ಲಾಟ್‌ಮೇಟ್. ರಜೆ ಅಂದರೆ ಹತ್ತರವರೆಗೆ ನಿದ್ದೆ ಎಂದು ನಂಬಿದವಳು.

"ಒಳ್ಳೇ ತಿಂಡಿ ಹುಡುಕ್ಕೊಂಡು ಬರ್ತೀನಿ."

"ಹುಡುಕು. ಸಿಕ್ರ ನನಗೂ ತಾ. ತಿಂಡಿ ಆದ್ರೂ ಸೈ, ಹುಡುಗ ಆದ್ರೂ ಸೈ."

ಕಾತ್ಯಾಯಿನಿ ಮೈಸೂರಿನವಳು. ವಯಸ್ಸು ಮೂವತ್ತೈದು. ವೆಲ್ಲಿಂಗ್ಟನ್‌ನ ಒಂದು ಸರ್ಕಾರಿ ಕಚೇರಿಯಲ್ಲಿ, ವರದಿಗಳು ಹೊರಗೆ ಹೋಗುವ ಮೊದಲು ಅವುಗಳಲ್ಲಿನ ಅಂಕಿ ಅಂಶ ಸರಿಯಿದೆಯೇ ಎಂದು ನೋಡುವುದು ಅವಳ ಕೆಲಸ. ದಶಮಾಂಶದ ಚುಕ್ಕೆ ಒಂದು ಮನೆ ಆಚೆಗಿದ್ದರೆ ಅವಳಿಗೆ ಊಟ ಸೇರದು. ಒಂದೆಡೆ ಕೂರುವ ಅಭ್ಯಾಸವಂತೂ ಮೊದಲಿನಿಂದಲೂ ಇಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ್ದಾಳೆ ಎಂದು ಅಮ್ಮ ಹೇಳುವುದಿತ್ತು.

ಬೀಚಿನ ರಸ್ತೆ ಬಿಟ್ಟು ಒಳಕ್ಕೆ ತಿರುಗಿದರೆ ಗದ್ದೆ. ಇನ್ನೂ ಸರಿಯಾಗಿ ಬೆಳಕಾಗಿರಲಿಲ್ಲ. ಗದ್ದೆಯಂಚಿನಲ್ಲಿ ತಗಡಿನ ಮಾಡು, ಒಂದು ಟ್ಯೂಬ್‌ಲೈಟು, ಅದರ ಮುಂದೆ ಎಂಟು ಹತ್ತು ಸ್ಕೂಟರು. ಸ್ಕೂಟರು ಸಾಲು ನಿಂತಲ್ಲಿ ತಿಂಡಿ ಚೆನ್ನಾಗಿರುತ್ತದೆ ಎಂಬುದು ಅವಳು ಮೈಸೂರಿನಲ್ಲಿ ಕಲಿತ ನಿಯಮ. ಅವಳು ಅಲ್ಲೇ ನಿಂತಳು.

ಸ್ಕಾರ್ಫ್ ಕಟ್ಟಿದ ಹೆಂಗಸೊಬ್ಬಳು ಬಾಳೆ ಎಲೆಯ ಮೇಲೆ ಬಿಸಿ ಅನ್ನ ಹಾಕುತ್ತಿದ್ದಳು. ತೆಂಗಿನ ಹಾಲಿನಲ್ಲಿ ಬೆಂದ ಅನ್ನ. ಅದರ ಪಕ್ಕಕ್ಕೆ ಕೆಂಪಗಿನ ಗೊಜ್ಜು, ಕಡಲೆಕಾಯಿ, ಸೌತೆಕಾಯಿ ಹೋಳು. ಪರಿಮಳಕ್ಕೆ ಕಾತ್ಯಾಯಿನಿಯ ಬಾಯಲ್ಲಿ ನೀರೂರಿತು. ಅಷ್ಟರಲ್ಲಿ ಆ ಹೆಂಗಸು ಮೇಲಿನಿಂದ ಒಂದು ಹಿಡಿ ಹುರಿದ ಪುಟ್ಟ ಮೀನು ಉದುರಿಸಿದಳು.

"ಅಯ್ಯೋ ರಾಮ, ತಿಂಡಿಗೂ ಮೀನಾ," ಎಂದು ಕಾತ್ಯಾಯಿನಿ ಗೊಣಗಿಕೊಂಡಳು.

"ಮೀನು ಬಿಟ್ಟು ಕೊಡ್ತಾರೆ. ಕೇಳಿದ್ರೆ ಆಯ್ತು."

ತಿರುಗಿ ನೋಡಿದಳು. ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಉದ್ದನೆಯ ಮನುಷ್ಯನೊಬ್ಬ ಮಂಡಿ ಮಡಚಿ ಕೂತಿದ್ದ. ಸ್ಟೂಲು ಅವನ ಅಳತೆಗೆ ಮಾಡಿದ್ದಲ್ಲ. ಟೀ ಶರ್ಟಿನ ಮೇಲೆ ಹ್ಯಾಮಿಲ್ಟನ್‌ನ ಒಂದು ಕ್ರಿಕೆಟ್ ಕ್ಲಬ್ಬಿನ ಹೆಸರು.

"ಕನ್ನಡದವ್ರಾ?"

"ಕುಂದಾಪುರ. ಈಗ ಹ್ಯಾಮಿಲ್ಟನ್. ನೀವು ಮೈಸೂರಲ್ವಾ? 'ಅಯ್ಯೋ ರಾಮ' ಅಂದದ್ರಲ್ಲೇ ಗೊತ್ತಾಯ್ತು."

ಅವನ ಹೆಸರು ಚಂದ್ರಹಾಸ. ವೈಕಾಟೋದ ಹಾಲಿನ ಪುಡಿ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ಹಸುಗಳು ಹಾಲು ಬತ್ತಿಸಿಕೊಂಡ ಚಳಿಗಾಲದಲ್ಲಿ ಕಾರ್ಖಾನೆ ರಿಪೇರಿಗೆ ನಿಲ್ಲುತ್ತದೆ; ರಿಪೇರಿ ಮುಗಿದು ಹಾಲು ಶುರುವಾಗುವ ನಡುವೆ ಸಿಕ್ಕ ಒಂದು ವಾರಕ್ಕೆ ಒಬ್ಬನೇ ಇಲ್ಲಿಗೆ ಬಂದಿದ್ದ. ಇಷ್ಟನ್ನು ಅವಳು ಸರದಿಯಲ್ಲಿ ನಿಂತೇ ತಿಳಿದುಕೊಂಡಳು.

"ನೋ ಮೀಟ್, ನೋ ಫಿಶ್, ನೋ ಎಗ್," ಎಂದು ಕಾತ್ಯಾಯಿನಿ ಬೆರಳು ಮಡಚಿ ಹೇಳಿದಳು. ಅಂಗಡಿಯ ಹೆಂಗಸು ತಲೆಯಾಡಿಸಿ, ಮೀನೂ ಮೊಟ್ಟೆಯೂ ಇಲ್ಲದ ಎಲೆ ಮಡಿಸಿ ಕೊಟ್ಟಳು.

ಮೊದಲ ತುತ್ತಿಗೆ ಅವಳ ಕಣ್ಣು ಮುಚ್ಚಿತು. ಖಾರ, ಸಿಹಿ, ಅದರ ಹಿಂದೆ ಹೆಸರಿಡಲಾಗದ ಇನ್ನೊಂದು ರುಚಿ. ಕಣ್ಣು ಬಿಟ್ಟಾಗ ಚಂದ್ರಹಾಸ ಅವಳನ್ನೇ ನೋಡುತ್ತಿದ್ದ. ಏನೋ ಹೇಳಲು ಬಾಯಿ ತೆರೆದವನು ಹಾಗೆಯೇ ಮುಚ್ಚಿ, ಕಾಫಿ ಲೋಟದೊಳಗೆ ನೋಡಿದ. ನಾಚಿಕೆಯ ಮನುಷ್ಯ ಎಂದುಕೊಂಡಳು. ಆ ನಾಚಿಕೆ ಅವಳಿಗೆ ಹಿಡಿಸಿತು.

ಸೋಮವಾರ ಅವನು ಅವಳಿಗಿಂತ ಮೊದಲೇ ಬಂದು ಕೂತಿದ್ದ.

"ನೀವು ಇಲ್ಲೇ ಹತ್ರ ಇದ್ದೀರಾ?"

"ಹಾಂ, ಹಾಗೇ," ಎಂದ.

ಮಾತಿಗೆ ಬರವಿರಲಿಲ್ಲ. ಹ್ಯಾಮಿಲ್ಟನ್‌ನಲ್ಲಿ ಕಾರಿಲ್ಲದಿದ್ದರೆ ಮನುಷ್ಯ ಮನುಷ್ಯನೇ ಅಲ್ಲ ಎಂದು ಅವನು. ವೆಲ್ಲಿಂಗ್ಟನ್ ಗಾಳಿಯಲ್ಲಿ ಕೊಡೆ ಹಿಡಿದವರು ಹೊಸದಾಗಿ ಬಂದವರು ಎಂದು ಅವಳು. ಅವಳು ನಕ್ಕಾಗ ಅವನು ಒಂದು ಕ್ಷಣ ತಡೆದು ನಗುತ್ತಿದ್ದ, ಮೊದಲು ಅವಳ ನಗುವನ್ನು ಪೂರ್ತಿ ನೋಡಿ ಮುಗಿಸಿದವನ ಹಾಗೆ. ಆ ತಡೆಗಾಗಿ ಅವಳು ಕಾಯತೊಡಗಿದಳು. ಹೋಟೆಲಿಗೆ ಮರಳಿದ ಮೇಲೆ ಈಜುಕೊಳದ ಬಳಿ ಕೂರಲಾರದೆ, ಓದಲಾರದೆ, ನಾಳೆಯ ಆರು ಗಂಟೆಗೆ ಇನ್ನೆಷ್ಟು ಹೊತ್ತು ಎಂದು ಲೆಕ್ಕ ಹಾಕಿದಳು.

ಮಂಗಳವಾರ ಅವಳು ಫೋನು ಹೊರತೆಗೆದಳು.

"ಸಸ್ಯಾಹಾರಿ ಸಂಚಾರಿಗಳು ಅಂತ ನಮ್ದೊಂದು ವಾಟ್ಸಾಪ್ ಗ್ರೂಪಿದೆ. ನ್ಯೂಜಿಲೆಂಡ್ ಪೂರ್ತಿ ಇನ್ನೂರು ಚಿಲ್ಲರೆ ಜನ. ಇಲ್ಲಿ ವೆಜ್ ತಿಂಡಿ ಸಿಗಲ್ಲ ಅಂತ ಎಲ್ರೂ ಅಳ್ತಿರ್ತಾರೆ. ಈ ಅಂಗಡಿ ವಿಷಯ ಹಾಕ್ಬಿಡ್ತೀನಿ." ಟೈಪು ಮಾಡುತ್ತಾ ಮಾಡುತ್ತಾ ನಿಲ್ಲಿಸಿದಳು. "ನೀವು ಮಲೇಷ್ಯಾ ಊಟ ತಿಂದು ಗೊತ್ತಿರೋರು. ಈ ಗೊಜ್ಜಲ್ಲಿ ಏನೂ ಇಲ್ಲ ತಾನೆ?"

ಚಂದ್ರಹಾಸ ಕಾಫಿಗೆ ಚಮಚ ಹಾಕಿ ತಿರುಗಿಸಿದ. ಸಕ್ಕರೆ ಆಗಲೇ ಕರಗಿತ್ತು.

"ಇಲ್ಲ," ಎಂದ.

ಅವಳು ಅಂಗಡಿಯ ಗುರುತು, ತೆರೆಯುವ ಹೊತ್ತು, ಹೇಗೆ ಕೇಳಬೇಕು ಎಂಬುದನ್ನೆಲ್ಲ ಬರೆದು, ಕೊನೆಗೆ 'ಖುದ್ದು ವಿಚಾರಿಸಿದ್ದೇನೆ, ಪೂರ್ತಿ ಸಸ್ಯಾಹಾರಿ' ಎಂದು ಸೇರಿಸಿ ಹಾಕಿದಳು. ಅವನನ್ನೂ ಗುಂಪಿಗೆ ಸೇರಿಸಿಕೊಂಡಳು. ಮಧ್ಯಾಹ್ನದೊಳಗೆ ನಲವತ್ತು ಮಂದಿ ಮೆಚ್ಚಿದ್ದರು. ಕ್ರೈಸ್ಟ್‌ಚರ್ಚ್‌ನ ಗುರುದತ್ ಅಂಕಲ್ ಮತ್ತು ಶ್ರೀಲಕ್ಷ್ಮಿ ಆಂಟಿ ಅದೇ ವಾರ ಲಂಕಾವಿಯಲ್ಲಿದ್ದರು. ಬುಧವಾರ ಅಲ್ಲಿ ತಿಂದು, 'ಬದುಕಿದೆವು ಕಣಮ್ಮಾ' ಎಂದು ಫೋಟೋ ಹಾಕಿದರು.

ಬುಧವಾರ ಸಂಜೆ ಗುಂಪಿನಲ್ಲಿ ಪಾಪಕುರಾದ ಕಮಲಾ ಆಂಟಿಯ ಒಂದು ಸಾಲು ಬಂತು. 'ಕಾತ್ಯಾಯಿನಿ, ಆ ಕೆಂಪು ಗೊಜ್ಜಿಗೆ ಸಾಮಾನ್ಯವಾಗಿ ಬೆಲಚಾನ್ ಅಂತ ಸಿಗಡಿ ಉಂಡೆ ಹಾಕುತ್ತಾರಂತೆ. ಇವರು ಹಾಕುವುದಿಲ್ಲವೇ?'

ಗುರುವಾರ ಅವಳು ಅಂಗಡಿಗೆ ನಡೆದು ಹೋಗಲಿಲ್ಲ, ಓಡಿದಳು. ಫೋನಿನಲ್ಲಿ ಆ ಪದ ತೋರಿಸಿದಾಗ ಅಂಗಡಿಯ ಹೆಂಗಸಿನ ಮುಖ ಅರಳಿತು. ಒಳಗೆ ಹೋಗಿ ಕಾಗದದಲ್ಲಿ ಸುತ್ತಿದ ಕಂದು ಉಂಡೆಯೊಂದನ್ನು ತಂದು, ಇದು ನನ್ನ ಅಕ್ಕ ಪೆನಾಂಗ್‌ನಿಂದ ಕಳಿಸಿದ್ದು, ಇದಿಲ್ಲದೆ ಎಂಥ ರುಚಿ ಎಂದು ಹರಕು ಇಂಗ್ಲಿಷಿನಲ್ಲಿ ಹೇಳಿ ಮೂಗಿನ ಹತ್ತಿರ ಹಿಡಿದಳು. ನಾಲ್ಕು ಬೆಳಗಿನ ಆ ಹೆಸರಿಲ್ಲದ ರುಚಿಗೆ ಹೆಸರು ಸಿಕ್ಕಿತು. ಮಾಂಸವೂ ಅಲ್ಲ, ಮೀನೂ ಅಲ್ಲ, ಮೊಟ್ಟೆಯೂ ಅಲ್ಲ. ಆ ಹೆಂಗಸು ಕೇಳಿದ್ದಕ್ಕೆ ಸರಿಯಾಗಿಯೇ ಕೊಟ್ಟಿದ್ದಳು.

ಕಾತ್ಯಾಯಿನಿ ತಿರುಗಿದಳು. ಚಂದ್ರಹಾಸ ಸ್ಟೂಲಿನಿಂದ ಎದ್ದು ನಿಂತಿದ್ದ. ಅವನ ಮುಖದಲ್ಲಿ ಆಶ್ಚರ್ಯವಿರಲಿಲ್ಲ.

"ನಿಮಗೆ ಗೊತ್ತಿತ್ತು."

"ಗೊತ್ತಿತ್ತು."

"ಯಾವಾಗಿಂದ?"

"ಮೊದಲ ದಿನದಿಂದ. ನಮ್ಮಲ್ಲಿ ಒಣ ಸಿಗಡಿ ಚಟ್ನಿ ಮಾಡ್ತಾರೆ. ವಾಸನೆ ಗೊತ್ತಾಗ್ತದೆ." ಅವನ ಸ್ವರ ಇಳಿಯಿತು. "ನೀವು ಒಂದು ತುತ್ತು ತಿಂದು ಕಣ್ಣು ಮುಚ್ಚಿದ್ರಿ. ಹೇಳ್ಲಿಕ್ಕೆ ಬಾಯಿ ಬರ್ಲಿಲ್ಲ."

"ಎರಡನೇ ತುತ್ತಿಗೆ?"

"ಆಗ್ಲೂ ಬರ್ಲಿಲ್ಲ."

"ಇನ್ನೂರು ಜನಕ್ಕೆ ಬರ್ದು ಹಾಕಿದೆನಲ್ಲ, ಆಗ?"

ಅವನು ನೆಲ ನೋಡಿದ.

"ಸಿಗಡಿ ಹೊಟ್ಟೆಗೆ ಹೋಯ್ತು ಅಂತಲ್ಲ ಚಂದ್ರಹಾಸ್. ಹೋಗಿದ್ದು ಹೋಯ್ತು. ನೀವು ಮಾತನ್ನ ಹೊಟ್ಟೇಲಿ ಇಟ್ಕೊಂಡು ನನ್ನ ಎದುರು ನಗ್ತಾ ಕೂತಿದ್ರಲ್ಲ, ಅದು." ಅವನು ಒಂದು ಹೆಜ್ಜೆ ಮುಂದೆ ಬಂದ. "ಬೇಡಿ. ಹಿಂದೆ ಬರ್ಬೇಡಿ."

ಗುಂಪಿಗೆ ನಾಲ್ಕು ಸಾಲಿನ ತಿದ್ದುಪಡಿ ಹಾಕಿದಳು. ಆ ನಾಲ್ಕು ಸಾಲಿಗೆ ಅರ್ಧ ಗಂಟೆ ಹಿಡಿಯಿತು. ಆಮೇಲೆ ಟ್ಯಾಕ್ಸಿ ಹಿಡಿದು ಗುರುದತ್ ಅಂಕಲ್ ಉಳಿದಿದ್ದ ಹೋಟೆಲಿಗೆ ಹೋದಳು. ಅವರಿಗೆ ಬರೀ ಫೋನಿನಲ್ಲಿ ತಿಳಿಸಿದರೆ ಸಾಲದು ಎಂದು. ಶ್ರೀಲಕ್ಷ್ಮಿ ಆಂಟಿ ಎಲ್ಲ ಕೇಳಿಸಿಕೊಂಡು, "ಗೊತ್ತಿಲ್ದೆ ಆಗಿದ್ದು ಬಿಡಮ್ಮ" ಎಂದರು. ಸ್ವಲ್ಪ ಹೊತ್ತಿಗೆ ಒಳಗೆ ಸ್ನಾನದ ನೀರು ಬಿಟ್ಟ ಸದ್ದು ಕೇಳಿಸಿತು. ಅವರು ಬೈದಿದ್ದರೆ ಚೆನ್ನಾಗಿತ್ತು.

ಶುಕ್ರವಾರ ವಿಮಾನ ಹತ್ತುವ ಮೊದಲು ಅವನ ಸಂದೇಶ ಬಂತು. 'ತಪ್ಪಾಯಿತು. ಕಾರಣ ಹೇಳುವುದಿಲ್ಲ. ಹೇಳಿದರೆ ಅದು ಸಬೂಬು ಆಗ್ತದೆ.' ಅವಳು ಉತ್ತರಿಸಲಿಲ್ಲ. ಅಳಿಸಲೂ ಇಲ್ಲ.

ವೆಲ್ಲಿಂಗ್ಟನ್‌ನಲ್ಲಿ ದಕ್ಷಿಣದ ಗಾಳಿ ಬೀಸುತ್ತಿತ್ತು. ಆಗಸ್ಟ್ ಪೂರ್ತಿ ಅವಳು ಬಸ್ಸಿಗೆ ಕಾಯಲಿಲ್ಲ. ಕಾಯುತ್ತ ನಿಲ್ಲುವುದು ಆಗುತ್ತಿರಲಿಲ್ಲ. ಗುಡ್ಡ ಇಳಿದು ಕಚೇರಿಗೆ, ಗುಡ್ಡ ಹತ್ತಿ ಮನೆಗೆ. ಬೆಳಿಗ್ಗೆ ಏನು ತಿನ್ನಬೇಕೆಂದು ತಿಳಿಯುತ್ತಿರಲಿಲ್ಲ. ಓಟ್ಸ್ ಮಾಡಿ ಎರಡು ಚಮಚ ತಿಂದು ಇಟ್ಟಳು. ಒಂದು ವಾರ ಫ್ರೀಜರಿನ ಇಡ್ಲಿ, ಇನ್ನೊಂದು ವಾರ ಬರೀ ಕಾಫಿ. ಊರಿನಲ್ಲಿ ಮಲೇಷ್ಯಾ ಹೋಟೆಲುಗಳಿಗೆ ಕೊರತೆಯಿಲ್ಲ. ಒಂದಕ್ಕೆ ಹೋಗಿ, ಯಾವುದರಲ್ಲಿ ಏನಿದೆ ಎಂದು ಹತ್ತು ನಿಮಿಷ ವಿಚಾರಿಸಿದಳು. ಕೌಂಟರಿನ ಹುಡುಗಿ ಒಂದನ್ನೂ ಬಿಡದೆ ಹೇಳಿದಳು. ಕಾತ್ಯಾಯಿನಿ ಬರೀ ರೋಟಿ ಕಟ್ಟಿಸಿಕೊಂಡು ಹೊರಬಂದು, ಅದನ್ನೂ ತಿನ್ನದೆ ಸಮುದ್ರದ ದಂಡೆಯ ಮೇಲೆ ಒಂದು ಗಂಟೆ ನಡೆದಳು. ಅವನೂ ಹೀಗೆ ಹೇಳಬಹುದಿತ್ತಲ್ಲ. ಒಂದೇ ಮಾತು. ಅವಳು ನಕ್ಕು, ಎಲೆ ಪಕ್ಕಕ್ಕಿಟ್ಟು, ಬೇರೆ ಅಂಗಡಿ ಹುಡುಕಲು ಅವನನ್ನೇ ಕರೆದುಕೊಂಡು ಹೋಗುತ್ತಿದ್ದಳು.

"ನಿನಗ ಹಸಿವಿಲ್ಲ," ಎಂದಳು ರಶ್ಮಿತಾ. "ಸಿಟ್ಟೈತಿ ಅಂತೀ. ಸಿಟ್ಟಾದ್ರ ಎರಡ ದಿನದಾಗ ಇಳೀತಿತ್ತು. ಇದು ಬ್ಯಾರೇನ ಐತಿ."

"ಏನಿಲ್ಲ."

"ಹೌದವಾ, ಏನಿಲ್ಲ. ಅದಕ್ಕ ದಿನಾ ಹ್ಯಾಮಿಲ್ಟನ್ ಹವಾಮಾನ ನೋಡ್ತೀ."

ಬದರಿನಾಥ್ ಅಂಕಲ್ ಫೋನು ಮಾಡಿದ್ದು ಸೆಪ್ಟೆಂಬರ್ ಮೊದಲ ವಾರ. ಬೆಂಗಳೂರಿನ ಪತ್ರಿಕೆಯೊಂದರಲ್ಲಿ ಮೂವತ್ತು ವರ್ಷ ಸುದ್ದಿ ತಿದ್ದಿ, ಈಗ ಲೋವರ್ ಹಟ್‌ನಲ್ಲಿ ಮಗಳ ಮನೆಯಲ್ಲಿದ್ದು, ಕನ್ನಡ ಕೂಟದ ಇ-ಪತ್ರಿಕೆ ನಡೆಸುತ್ತಿದ್ದ ಹಿರಿಯರು.

"ಆ ಸಿಗಡಿ ಪ್ರಸಂಗ ಬರ್ದು ಕೊಡಮ್ಮ. ಎಂಟ್ನೂರು ಪದ."

"ಅಂಕಲ್, ಅದು ನನ್ನ ತಪ್ಪು. ಅದನ್ನ ಯಾರಾದ್ರೂ ಓದ್ತಾರಾ?"

"ತಪ್ಪನ್ನೇ ಓದೋದು. ಸರಿಯಾಗಿ ನಡೆದ ಪ್ರವಾಸಾನ ಯಾರು ಓದ್ತಾರೆ? ಒಂದು ಮಾತು. ಬರಹದಲ್ಲಿ ಯಾರು ಬರ್ತಾರೋ ಅವ್ರಿಗೆ ಒಂದ್ಸಲ ತೋರ್ಸು. ಹೆಸರು ಹಾಕು, ಬಿಡು. ತೋರ್ಸದೇ ಇರೋದನ್ನ ನಾನು ಹಾಕಲ್ಲ."

ಮೂರು ಸಂಜೆ ಕೂತು ಬರೆದಳು. ಲಂಕಾವಿಯಿಂದ ಬಂದ ಮೇಲೆ ಅವಳು ಒಂದೆಡೆ ಕೂತದ್ದು ಅಷ್ಟೇ. ನಾಲ್ಕನೆಯ ಸಂಜೆ, ಆ ದಾಖಲೆಯ ಕೊಂಡಿಯನ್ನು ಚಂದ್ರಹಾಸನಿಗೆ ಕಳಿಸಿದಳು. ಜೊತೆಗೆ ಒಂದೇ ಸಾಲು: 'ತಪ್ಪಿದ್ದರೆ ಗುರುತು ಹಾಕಿ. ಸಂಪಾದಕರ ನಿಯಮ.' ಕಳಿಸಿದ ಮೇಲೆ ಅಡುಗೆಮನೆಗೆ ಹೋದಳು, ಬಂದಳು, ಕಿಟಕಿ ತೆರೆದಳು, ಮುಚ್ಚಿದಳು.

ಬೆಳಿಗ್ಗೆ ನೋಡಿದಾಗ ಅಂಚಿನಲ್ಲಿ ಹಳದಿ ಟಿಪ್ಪಣಿಗಳು ಕೂತಿದ್ದವು. ಅವಳು ನಿಂತಲ್ಲೇ ಓದತೊಡಗಿದಳು.

'ಗದ್ದೆಯ ಪಕ್ಕ ಎರಡು ಮೇಜಿನ ಅಂಗಡಿ' ಎಂಬಲ್ಲಿ ಅವನು ಬರೆದಿದ್ದ: 'ಮೂರು ಮೇಜು. ಒಂದರ ಮೇಲೆ ಬೆಕ್ಕು ಮಲಗಿರುತ್ತಿತ್ತು, ಅದಕ್ಕೇ ನೀವು ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.'

ಅವಳಿಗೆ ನಗು ಬಂತು. ಬೆಕ್ಕಿದ್ದದ್ದು ನಿಜ.

'ಪರಿಚಯವಾದ ಕನ್ನಡಿಗರೊಬ್ಬರು ದಿನಾ ಅಲ್ಲಿಗೆ ಕಾಫಿಗೆ ಬರುತ್ತಿದ್ದರು' ಎಂಬ ವಾಕ್ಯದ ಪಕ್ಕದಲ್ಲಿ ಟಿಪ್ಪಣಿ ಉದ್ದವಿತ್ತು. 'ಕಾಫಿಗೆ ಅಲ್ಲ. ನಾನು ಉಳಿದುಕೊಂಡದ್ದು ಕುವಾ ಪೇಟೆಯಲ್ಲಿ, ಇಪ್ಪತ್ತು ಕಿಲೋಮೀಟರಿಗಿಂತ ದೂರ. ಮೊದಲ ದಿನ ಬಾಡಿಗೆ ಸ್ಕೂಟರಿನಲ್ಲಿ ದಾರಿ ತಪ್ಪಿ ಬಂದೆ. ಆಮೇಲಿನ ದಿನಗಳಲ್ಲಿ ದಾರಿ ತಪ್ಪಲಿಲ್ಲ. ನಿಮ್ಮನ್ನು ನೋಡಲಿಕ್ಕೆ ಬಂದದ್ದು. ಇದು ಲೇಖನಕ್ಕೆ ಬೇಡದಿದ್ದರೆ ತೆಗೆಯಿರಿ. ಆದರೆ ಕಾಫಿ ಎಂದು ಹಾಕಬೇಡಿ, ಅದು ಸರಿಯಲ್ಲ.'

ಅವಳು ಕುರ್ಚಿ ಎಳೆದು ಕೂತಳು. ಕತ್ತಿನ ಹಿಂದೆ ಬೆಚ್ಚಗಾಯಿತು. ಕತ್ತಲಿದ್ದಾಗಲೇ ಎದ್ದು, ಗೊತ್ತಿಲ್ಲದ ರಸ್ತೆಯಲ್ಲಿ ಸ್ಕೂಟರು ಓಡಿಸಿಕೊಂಡು ಬಂದು, ಏನೂ ಆಗದವನಂತೆ ಆ ಕುಳ್ಳ ಸ್ಟೂಲಿನ ಮೇಲೆ ಕೂತಿರುತ್ತಿದ್ದ ಅವನನ್ನು ಕಣ್ಣೆದುರು ತಂದುಕೊಂಡಳು. ಸ್ವಲ್ಪ ಹೊತ್ತು ಅಲ್ಲೇ ಉಳಿದಳು.

ಮೂರನೆಯ ಟಿಪ್ಪಣಿ ಕೊನೆಯ ಪುಟದಲ್ಲಿತ್ತು. ಅವಳ ವಾಕ್ಯ ಹೀಗಿತ್ತು: 'ಅವರಿಗೆ ವಿಷಯ ತಿಳಿದಿದ್ದರೂ, ನನ್ನ ಸಂತೋಷ ಕೆಡಿಸಲು ಮನಸ್ಸಾಗದೆ ಸುಮ್ಮನಿದ್ದರು.'

ಅವನು ಅದರ ಮೇಲೆ ಅಡ್ಡಗೆರೆ ಎಳೆದಿದ್ದ. 'ಇದು ತಪ್ಪು. ಸುಮ್ಮನಿರಲಿಲ್ಲ. ಮಂಗಳವಾರ ಬೆಳಿಗ್ಗೆ ಲೇಖಕಿ ನೇರವಾಗಿ ಕೇಳಿದರು, ನಾನು ಇಲ್ಲ ಎಂದೆ. ಸುಮ್ಮನಿರುವುದು ಬೇರೆ, ಸುಳ್ಳು ಹೇಳುವುದು ಬೇರೆ. ನನ್ನ ಮಾತು ನಂಬಿ ಅವರು ಬರೆದರು, ಅವರನ್ನು ನಂಬಿ ಇನ್ನಿಬ್ಬರು ತಿಂದರು. ದಯವಿಟ್ಟು ತಿದ್ದಿ. ನನ್ನ ಹೆಸರು ಹಾಕಿ.'

ಹೊರಗೆ ಗಾಳಿ ತಗಡಿನ ಬೇಲಿಯನ್ನು ಅಲ್ಲಾಡಿಸುತ್ತಿತ್ತು. ಕಾತ್ಯಾಯಿನಿ ಆ ಟಿಪ್ಪಣಿಯನ್ನು ಮತ್ತೊಮ್ಮೆ ಓದಿದಳು.

ಮಂಗಳವಾರದ ಆ ಪ್ರಶ್ನೆಯನ್ನು ಅವಳು ಮರೆತಿರಲಿಲ್ಲ. ಮರೆಯುವ ಜಾತಿಯೇ ಅಲ್ಲ ಅವಳದು. ಬರೆಯುವಾಗ ಆ ಜಾಗಕ್ಕೆ ಬಂದು, ಬೆರಳು ನಿಲ್ಲಿಸಿ, ಅದನ್ನು ದಾಟಿ ಹೋಗಿದ್ದಳು. ಪತ್ರಿಕೆ ಓದುವ ನಾನೂರು ಮನೆಗಳಲ್ಲಿ ಅವನನ್ನು ಸುಳ್ಳುಗಾರ ಅನ್ನುವುದು ಬೇಡವೆಂದು, ಹದಿನಾಲ್ಕು ವರ್ಷದ ಕೆಲಸದಲ್ಲಿ ಮೊದಲ ಬಾರಿಗೆ ಗೊತ್ತಿದ್ದೂ ಒಂದು ಸಂಗತಿ ಕೈಬಿಟ್ಟಿದ್ದಳು. ಎಷ್ಟು ಸುಲಭವಾಗಿತ್ತು. ಒಂದು ಬೆರಳನ್ನು ಅಷ್ಟು ಹೊತ್ತು ಎತ್ತಿ ಹಿಡಿದರೆ ಸಾಕಾಗಿತ್ತು.

ಫೋನು ಎತ್ತಿಕೊಂಡಳು. 'ಶನಿವಾರ ಹನ್ನೊಂದಕ್ಕೆ ವಾಯೂರು, ಹೆದ್ದಾರಿ ಪಕ್ಕದ ಕೆಫೆ. ಇಬ್ಬರಿಗೂ ಸುಮಾರು ಇನ್ನೂರ ಅರವತ್ತು ಕಿಲೋಮೀಟರ್.'

ಒಂದು ನಿಮಿಷದೊಳಗೆ ಉತ್ತರ ಬಂತು. 'ಬರ್ತೇನೆ.'

ಹನ್ನೊಂದಕ್ಕೆ ಅಲ್ಲಿರಲು ಏಳಕ್ಕೆ ಹೊರಟರೆ ಸಾಕಿತ್ತು. ಐದೂವರೆಗೆ ಅವಳ ಕಾರು ರಸ್ತೆಯಲ್ಲಿತ್ತು.

"ಸ್ವೆಟರ್ ಹಾಕ್ಕೋ," ಎಂದು ಬಾಗಿಲಲ್ಲಿ ನಿಂತ ರಶ್ಮಿತಾ ಹೇಳಿದಳು. "ಮತ್ತ ಹೋಗಿ ಬರೀ ವ್ಯಾಕರಣ ತಿದ್ದಬ್ಯಾಡ."

ತೈಹಾಪೆ ದಾಟಿದ ಮೇಲೆ ಬೇಲಿಗಳ ಬುಡದಲ್ಲಿ ಹಿಮ ಕಾಣಿಸಿತು. ಏನು ಹೇಳಬೇಕೆಂದು ಕಾರಿನೊಳಗೆ ಜೋರಾಗಿ ಅಭ್ಯಾಸ ಮಾಡಿದಳು. ಪ್ರತಿ ಸಲ ಬೇರೆ ಬಂತು. ವಾಯೂರಿನ ಕೆಫೆಯ ಮುಂದೆ ಕಾರು ನಿಲ್ಲಿಸಿದಾಗ ಗಂಟೆ ಒಂಬತ್ತು ಇಪ್ಪತ್ತು. ಒಂದು ಗಂಟೆ ನಲವತ್ತು ನಿಮಿಷ ಹೇಗೆ ಕಳೆಯುವುದೆಂದು ಇಳಿದು ನೋಡಿದರೆ, ಕೆಫೆಯ ಗೋಡೆಗೆ ಒರಗಿ, ಜೇಬಿನಲ್ಲಿ ಕೈಯಿಟ್ಟುಕೊಂಡು, ಉಸಿರಿನ ಹೊಗೆ ಬಿಡುತ್ತ ಚಂದ್ರಹಾಸ ನಿಂತಿದ್ದ.

"ಹನ್ನೊಂದು ಅಂದಿದ್ದೆ," ಎಂದಳು.

"ಹೌದು."

"ಎಷ್ಟೊತ್ತಾಯ್ತು ಬಂದು?"

"ಎಂಟೂವರೆ." ಕೂಡಲೇ ತಿದ್ದಿಕೊಂಡ. "ಎಂಟು ಹದಿನೈದು. ಕೆಫೆ ಬಾಗಿಲು ತೆಗೆದಿರ್ಲಿಲ್ಲ."

ಅವನ ಮೂಗಿನ ತುದಿ ಕೆಂಪಾಗಿತ್ತು. ನಗಬಾರದೆಂದುಕೊಂಡರೂ ಅವಳು ನಕ್ಕಳು. ಅವನು ಒಂದು ಕ್ಷಣ ತಡೆದು ನಕ್ಕ.

ಒಳಗೆ ಹೀಟರಿನ ಪಕ್ಕದ ಮೇಜಿಗೆ ಕೂತರು. ಬನ್ನಿನಂಥ ಚೀಸ್ ಸ್ಕೋನು, ಎರಡು ಕಾಫಿ. ಕಿಟಕಿಯಾಚೆ ರುವಾಪೆಹು ಬೆಟ್ಟ ಬುಡದವರೆಗೂ ಬೆಳ್ಳಗಿತ್ತು. ಇಬ್ಬರೂ ಅದನ್ನೇ ನೋಡಿದರು, ಒಬ್ಬರನ್ನೊಬ್ಬರು ನೋಡಿಕೊಳ್ಳುವುದು ಇನ್ನೂ ಸಲೀಸಾಗಿರಲಿಲ್ಲ.

"ನಿಮ್ಮ ಮೂರನೇ ಟಿಪ್ಪಣಿ ಹಾಗೇ ಹಾಕ್ತಿದೀನಿ," ಎಂದಳು. "ಹೆಸರಿನ ಜೊತೆ."

"ಹಾಕಿ."

"ಕಮಲಾ ಆಂಟಿ ಓದ್ತಾರೆ. ನಿಮ್ಮ ಹ್ಯಾಮಿಲ್ಟನ್‌ನೋರೆಲ್ಲ ಓದ್ತಾರೆ."

"ನನ್ನ ಅಮ್ಮನಿಗೂ ಕಳಿಸ್ತೇನೆ. ಗುರುದತ್ ಅಂಕಲ್ ಮನೆಗೆ ಹೋಗಿ ಬಂದೆ, ಕ್ರೈಸ್ಟ್‌ಚರ್ಚ್‌ಗೆ. ಹೋದ ತಿಂಗಳು."

ಅವಳು ಕಾಫಿ ಲೋಟ ಕೆಳಗಿಟ್ಟಳು. "ಹೋಗಿ?"

"ಹೇಳಿದೆ, ಸುಳ್ಳು ನಂದು, ಅವರದಲ್ಲ ಅಂತ. ಅಂಕಲ್ ಸರೀ ಬೈದರು. ಆಂಟಿ ಊಟ ಹಾಕಿದ್ರು. ಬೈಗುಳಕ್ಕಿಂತ ಊಟ ಕಷ್ಟ ಆಯ್ತು."

"ನನಗ್ಯಾಕೆ ಹೇಳ್ಲಿಲ್ಲ?"

"ನಿಮಗೆ ಹೇಳಿದ್ರೆ, ನಿಮಗೆ ತೋರಿಸ್ಲಿಕ್ಕೆ ಹೋದ ಹಾಗೆ ಆಗ್ತಿತ್ತು. ಈಗ ಹೇಳದಿದ್ರೆ ಮುಚ್ಚಿಟ್ಟ ಹಾಗೆ ಆಗ್ತದೆ. ಎಂತ ಮಾಡುದು ಹೇಳಿ."

ಕಾತ್ಯಾಯಿನಿ ಸ್ಕೋನನ್ನು ಎರಡು ಮಾಡಿದಳು, ನಾಲ್ಕು ಮಾಡಿದಳು. ತಿನ್ನಲಿಲ್ಲ.

"ನಾನೂ ಒಂದು ಹೇಳ್ಬೇಕು. ಆ ಮಂಗಳವಾರದ ಪ್ರಶ್ನೆ ಇದೆಯಲ್ಲ, ಅದನ್ನ ನಾನು ಬರೀದೇ ಇದ್ದಿದ್ದು ಮರೆತು ಅಲ್ಲ. ಬೇಕಂತಲೇ ಬಿಟ್ಟೆ."

ಅವನು ತಲೆಯೆತ್ತಿದ.

"ಯಾಕೆ ಅಂತ ಕೇಳಿ," ಎಂದಳು.

"ಯಾಕೆ?"

"ಬೇರೆಯವ್ರು ನಿಮ್ಮನ್ನ ಅನ್ನೋದು ನನಗೆ ಇಷ್ಟ ಆಗ್ಲಿಲ್ಲ. ನಾನು ಎಷ್ಟು ಬೇಕಾದ್ರೂ ಅಂತೀನಿ. ಬೇರೆಯವ್ರು ಬೇಡ." ಸ್ಕೋನಿನ ಪುಡಿಯನ್ನು ಬೆರಳಿನಿಂದ ಒಂದೆಡೆ ಸೇರಿಸಿದಳು. "ಅವತ್ತು ನಿಮಗೆ ಬಾಯಿ ಯಾಕೆ ಬರ್ಲಿಲ್ಲ ಅಂತ ಆಗ ಗೊತ್ತಾಯ್ತು. ಕ್ಷಮಿಸಿದೀನಿ ಅಂತಲ್ಲ. ಗೊತ್ತಾಯ್ತು, ಅಷ್ಟೇ."

ಮೇಜಿನ ಮೇಲೆ ಅವನ ಕೈ ಅವಳ ಕೈಯಿಂದ ಒಂದು ಗೇಣು ದೂರಕ್ಕೆ ಬಂದು ನಿಂತಿತು, ಅನುಮತಿ ಕೇಳುವ ಹಾಗೆ.

ಅವಳು ಅದನ್ನು ನೋಡಿದಳು. ಇನ್ನೊಂದು ಬಾಕಿಯಿತ್ತು.

"ನೇರವಾಗಿ ಒಂದು ಕೇಳ್ತೀನಿ. ಹ್ಯಾಮಿಲ್ಟನ್ ಬಿಟ್ಟು ವೆಲ್ಲಿಂಗ್ಟನ್‌ಗೆ ಬರ್ತೀರಾ?"

ಇಂಥ ಪ್ರಶ್ನೆಗೆ ಸಿಹಿಯಾದ ಉತ್ತರ ಒಂದೇ. ಇನ್ನೂರ ಅರವತ್ತು ಕಿಲೋಮೀಟರ್ ಓಡಿಸಿಕೊಂಡು ಬಂದು, ಚಳಿಯಲ್ಲಿ ಒಂದು ಗಂಟೆ ನಿಂತವನ ಬಾಯಲ್ಲಿ ಅದು ಸಹಜವಾಗಿಯೇ ಬರಬೇಕಿತ್ತು. ಅವಳು ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಹೂಂ ಅಂದುಬಿಟ್ಟರೆ ಏನು ಮಾಡುವುದು ಎಂಬ ಹೆದರಿಕೆ ಅದು ಎಂದು ಅವಳಿಗೇ ಆಮೇಲೆ ಹೊಳೆಯಿತು.

ಚಂದ್ರಹಾಸ ಬೆಟ್ಟದ ಕಡೆ ನೋಡಿದ. ಅವಳ ಕಡೆ ನೋಡಿದ. ಒಂದು ಸಲ ಬಾಯಿ ತೆರೆದು ಮುಚ್ಚಿದ. ಮತ್ತೆ ತೆರೆದ.

"ಈಗ ಆಗುವುದಿಲ್ಲ," ಎಂದ. "ಹಾಲು ಒಣಗಿಸುವ ಹೊಸ ಡ್ರೈಯರ್ ಕೂರಿಸ್ತಾ ಇದ್ದೇವೆ. ಅದು ಓಡ್ಲಿಕ್ಕೆ ಶುರು ಆಗುವುದು ಮುಂದಿನ ಆಗಸ್ಟ್‌ಗೆ. ನಡುವೆ ಬಿಟ್ಟು ಬಂದ್ರೆ ಉಳಿದವರ ತಲೆ ಮೇಲೆ ಬೀಳ್ತದೆ. ಆಮೇಲೆ ನಿಮ್ಮೂರಲ್ಲಿ ನನ್ನ ಕೆಲಸ ಸಿಗ್ತದಾ, ಗೊತ್ತಿಲ್ಲ. ಅಲ್ಲಿ ಹಾಲಿನ ಕಾರ್ಖಾನೆ ಇಲ್ಲ. ಆ ಗಾಳಿಯೂ ನನಗೆ ಆಗುವುದಿಲ್ಲ." ಲೋಟವನ್ನು ಪಕ್ಕಕ್ಕೆ ಸರಿಸಿದ. "ಬರ್ಬೇಕು ಅಂತ ಉಂಟು. ತುಂಬಾ ಉಂಟು. ಆದ್ರೆ ಬರ್ತೇನೆ ಅಂತ ಇವತ್ತು ಹೇಳಿದ್ರೆ ಸುಳ್ಳಾಗ್ತದೆ."

ಕಾತ್ಯಾಯಿನಿಯ ಕಣ್ಣು ತುಂಬಿತು, ಮುಖ ನಗುತ್ತಿತ್ತು. ಎರಡನ್ನೂ ಮರೆಮಾಡಲು ಹೋಗಲಿಲ್ಲ. ಒಂದು ಗೇಣು ದೂರದಲ್ಲಿದ್ದ ಆ ಕೈಯನ್ನು ತಾನೇ ತೆಗೆದುಕೊಂಡಳು. ಅದು ಇನ್ನೂ ತಣ್ಣಗಿತ್ತು.

"ಎಂತ ಮಾರಾಯ್ರೆ," ಎಂದ ಅವನು ಗಾಬರಿಯಿಂದ. "ಆಗುವುದಿಲ್ಲ ಅಂದದ್ದಕ್ಕೆ ಇಷ್ಟು ಖುಷಿ ಪಟ್ಟವರನ್ನು ನಾನು ನೋಡಿಲ್ಲ."

"ನಾನೂ ನೋಡಿರ್ಲಿಲ್ಲ," ಎಂದಳು.

ನಾಲ್ಕು ತುಂಡಾದ ಸ್ಕೋನಿನಲ್ಲಿ ಒಂದನ್ನು ಬಾಯಿಗೆ ಹಾಕಿಕೊಂಡಳು. ಉಪ್ಪು ಜಾಸ್ತಿಯಾಗಿತ್ತು, ತಳ ಸ್ವಲ್ಪ ಸೀದಿತ್ತು. ಉಳಿದ ಮೂರನ್ನೂ ತಿಂದಳು. ಎಷ್ಟೋ ವಾರಗಳ ಹಸಿವು ಒಟ್ಟಿಗೆ ಬಂದಿತ್ತು. ಅವನು ಕೌಂಟರಿಗೆ ಹೋಗಿ, ಯಾವುದರಲ್ಲಿ ಏನೇನಿದೆ ಎಂದು ಒಂದೊಂದಾಗಿ ಕೇಳಿಕೊಂಡು ಬಂದು ಇವಳಿಗೆ ಒಪ್ಪಿಸಿದ. ಇನ್ನೆರಡು ಕಾಫಿ ಬಂತು, ಆಮೇಲೆ ಮತ್ತೆರಡು. ಕೆಫೆಯವಳು ಎರಡು ಸಲ ಮೇಜು ಒರೆಸಿದಳು, ಇವರು ಏಳಲಿಲ್ಲ.

ಮೂರು ಗಂಟೆಗೆ ಬಿಸಿಲು ಇಳಿಯತೊಡಗಿತು. ಹ್ಯಾಮಿಲ್ಟನ್ ಕಡೆಗಿನ ಡೆಸರ್ಟ್ ರಸ್ತೆಯ ಮೇಲೆ ನೀರು ಹೆಪ್ಪುಗಟ್ಟುವ ಮೊದಲು ಅವನು ದಾಟಬೇಕಿತ್ತು. ಕಾರಿನವರೆಗೆ ಕೈ ಹಿಡಿದೇ ನಡೆದರು.

"ಮುಂದಿನ ಶನಿವಾರ?" ಎಂದು ಅವನು ಕೇಳಿದ. "ಹನ್ನೊಂದಕ್ಕೆ?"

"ಹನ್ನೊಂದು ಅಂತ ಬರೀರಿ," ಎಂದಳು. "ಎಂಟಕ್ಕೆ ಬನ್ನಿ."